ಗಾಜಿನ ಸೂಜಿಯ ಎಳೆತ

ಮನುಷ್ಯರಿಗೆ ಹಟ ಇರಬೇಕು, ಒಪ್ಪೋಣ. ಆದರೆ ದಲೆಂದಾಳಷ್ಟು ಇರಬಾರದು. ಟ್ಯುನಿಸ್ ನಗರದ ಪ್ರಯೋಗಾಲಯದಲ್ಲಿ ಮೂರು ವರ್ಷದಿಂದ ಅವಳದು ಒಂದೇ ಕೆಲಸ: ಕೈಮುಗಿಯುವ ಮಿಡತೆಯ ಜೀವಕೋಶದೊಳಗೆ ಕೂದಲಿಗಿಂತ ಸಣ್ಣ ಗಾಜಿನ ಸೂಜಿ ಆಡಿಸುವುದು.

ಕೋಶ ಎರಡಾಗುವ ಮುಂಚೆ ಅದರ ಎರಡು ತುದಿಗಳಿಂದ ನಾಳದಂಥ ಸಣ್ಣ ಎಳೆಗಳು ಬಂದು ಕ್ರೋಮೋಸೋಮುಗಳನ್ನು ಕಚ್ಚಿ ಹಿಡಿದು ಜಗ್ಗುತ್ತವೆ. ಎರಡೂ ಕಡೆ ಬಿಗಿಯಾಗಿದ್ದರೆ ಸರಿ. ಒಂದೇ ಒಂದು ಕ್ರೋಮೋಸೋಮು ಜೊತೆಯಿಲ್ಲದೆ ಒಂದು ಕಡೆಯ ಎಳೆಗೆ ಮಾತ್ರ ಜೋತುಬಿದ್ದಿದ್ದರೂ ಕೋಶ ಮುಂದೆ ಹೋಗದು. ಗಂಟೆಗಟ್ಟಲೆ ಕಾದು ಕಾದು ಸಾಯುತ್ತದೆ. ಆ ಒಂಟಿಯನ್ನು ಇನ್ನೊಂದು ಕಡೆಯಿಂದ ಸೂಜಿಯಲ್ಲಿ ಎಳೆದು ಹಿಡಿದರೆ ಎರಡೂ ಕಡೆ ಬಿಗಿಯಾಗಿದೆಯೆಂದು ಕೋಶ ನಂಬಿ ಎರಡಾಗುತ್ತದೆಯೇ? ಅದನ್ನು ಅವಳು ಕಣ್ಣಾರೆ ಕಾಣಬೇಕಿತ್ತು. ಪ್ರತಿ ಸಲವೂ ಸೂಜಿ ಜಾರುತ್ತಿತ್ತು.

ಆ ಶನಿವಾರ ಜಾರಲಿಲ್ಲ. ನಲವತ್ತು ನಿಮಿಷದಿಂದ ಹಿಡಿದೇ ಇದ್ದಳು. ಸರಿಯಾಗಿ ನಾಲ್ಕಕ್ಕೆ ಫೋನು ಬಡಿದುಕೊಂಡಿತು. ಔಷಧಿ ಅಂಗಡಿಯ ಮುನ್ಸಿಫ್ ಎಂಬುವನು! ಎಂಟು ವರ್ಷದಿಂದ ಇವಳ ಕೈ ಕೇಳುತ್ತಿದ್ದವನು. ಅಕ್ಕ ಸೂಸಾ ಊರಲ್ಲಿ ಹೆಣ್ಣು ನೋಡಿದ್ದಾಳೆ, ನಾಲ್ಕಕ್ಕೆ ಫೋನು ಮಾಡುತ್ತೇನೆ, ನೀವು ಹೂಂ ಅಂದರೆ ಆ ಹೆಣ್ಣು ಬೇಡವೆನ್ನುತ್ತೇನೆ ಎಂದಿದ್ದ. ಇಡೀ ಕಟ್ಟಡಕ್ಕೇ ಗೊತ್ತಿದ್ದ ಸಂಗತಿ. ದಲೆಂದಾ ಹೂಂ ಅನ್ನುವವಳೇ ಇದ್ದಳು. ದಿನಾ ಒಂದೇ ತಟ್ಟೆ ತೊಳೆದು ತೊಳೆದು ಅವಳಿಗೂ ಸಾಕಾಗಿತ್ತು.

ಚಹಾ ತಂದಿದ್ದ ಕಾವಲುಗಾರ ಬಶೀರ್ ಫೋನನ್ನು ಅವಳ ಕಿವಿಗೆ ಹಿಡಿದ.

"ಏನು ಹೇಳ್ತೀರಿ?" ಎಂದ ಮುನ್ಸಿಫ್.

ಆ ದನಿಗೇ ಅವಳ ಸೂಜಿ ಅಲುಗಿತು.

"ಒಂದು ಗಂಟೆ ಬಿಟ್ಟು ಮಾಡಿ, ಈಗ ಕೈ ಬಿಡುವಿಲ್ಲ!"

"ನಿಮ್ಮ ಕೈಗೆ ಯಾವತ್ತು ಬಿಡುವಿತ್ತು?" ಅವನು ಮೆಲ್ಲಗೆ ನಕ್ಕ. "ಆಗಲಿ, ಗೊತ್ತಾಯ್ತು ಬಿಡಿ."

"ಅಲ್ಲಾ ತಾಯಿ, ಹೂಂ ಅನ್ನೋಕೆ ಕೈ ಯಾಕೆ ಬೇಕು? ಬಾಯಿ ಸಾಲ್ದಾ?" ಎಂದು ಗೊಣಗುತ್ತ ಬಶೀರ್ ನಮಾಜಿಗೆ ಹೋದ.

ಹದಿನಾರು ನಿಮಿಷದ ನಂತರ ಕೋಶ ನಂಬಿತು. ಕ್ರೋಮೋಸೋಮುಗಳೆಲ್ಲ ಒಮ್ಮೆಲೇ ಬಿಡಿಸಿಕೊಂಡು ಎರಡು ಕಡೆಗೆ ಸರಿದವು.

"ಆಯ್ತು! ಆಯ್ತು ನೋಡ್ರೋ!" ಎಂದು ಕೂಗಿದಳು. ನೋಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಗೆದ್ದ ಹೊತ್ತಿನಲ್ಲಿ ಅಂಥ ಒಂಟಿತನ ಯಾರಿಗೂ ಬೇಡ. ಕಣ್ಣೊರೆಸಿಕೊಂಡು ಮುನ್ಸಿಫನ ಅಂಗಡಿಗೆ ಫೋನು ಹಚ್ಚಿದಳು.

ಎತ್ತಿದ್ದು ಅವನ ಅಕ್ಕ. ಹಿಂದೆ ಹೆಂಗಸರ ಸಂಭ್ರಮದ ಉಲಿ.

"ತಮ್ಮ ಒಪ್ಕೊಂಡನಮ್ಮ! ಈಗಷ್ಟೇ ಹೆಣ್ಣಿನ ಮನೆಗೆ ಮಾತು ಕೊಟ್ವಿ! ನೀವ್ಯಾರು?"

"ಅಂಗಡಿಗೆ ಬರೋಳು," ಎಂದಳು ದಲೆಂದಾ. "ತಲೆನೋವಿನ ಮಾತ್ರೆ ಇದೆಯಾ ಕೇಳೋಣ ಅಂತ ಮಾಡ್ದೆ."