ಕೂದಲೆಳೆಯಷ್ಟು ತಡೆದು

"ನಿಲ್ಸಿ ಅದನ್ನ!" ಮಗಳು ಸ್ಪೀಕರಿನ ವಯರನ್ನೇ ಕಿತ್ತೆಳೆದಳು.

ಅಂತಿಮ ದರ್ಶನಕ್ಕೆ ಬಂದವರೆಲ್ಲ ತಿರುಗಿ ನೋಡಿದರು. ಹೆಂಡತಿಯ ದೇಹದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ತಂದೆ ಮೆಲ್ಲಗೆ ಕೇಳಿದರು: "ಯಾರಮ್ಮಾ ಆ ಹುಡುಗಿ, ಹಾಡ್ತಿದ್ದಿದ್ದು?"

"ಅಮ್ಮನೇ ಅಂತೆ, ಅಪ್ಪಾ."

ಸ್ಟುಡಿಯೋದ ರೆಕಾರ್ಡಿಸ್ಟ್ ಗಾಬರಿಯಿಂದ ಎದ್ದು ಬಂದ. "ಹೋದ ವಾರ ಮನೆಗೆ ಬಂದು ರೆಕಾರ್ಡ್ ಮಾಡ್ಕೊಂಡೆನಲ್ಲಮ್ಮ, ಅದೇ ಹಾಡು. ಅಕ್ಕನ ಶ್ರುತಿ ತುಂಬ ಜಾರಿತ್ತು. ಒಂದೊಂದು ಸ್ವರಾನೂ ಕೂರಿಸಿದೀನಿ."

"ಎದ್ದು ಕೂರೋಕಾಗದೆ ಹಾಡಿದ್ದು ಅದು. ಜಾರದೆ ಇನ್ನೇನಾಗುತ್ತೆ, ಮಾಮ?"

*

ಇಪ್ಪತ್ತಾರು ವರ್ಷ ತಾಯಿ ಅವನ ಸ್ಟುಡಿಯೋದಲ್ಲಿ ಕೋರಸ್ ಹಾಡಿದ್ದಳು. ಎಂಟು ಹೆಂಗಸರು, ಎರಡು ಮೈಕು. ಮೇಲಿನ ಸ್ವರಕ್ಕೆ ಹೋಗುವಾಗ ಅವಳ ದನಿ ಕೂದಲೆಳೆಯಷ್ಟು ತಡೆದು ಹತ್ತುತ್ತಿತ್ತು. "ಅಕ್ಕ ಬಾಗಿಲು ತಟ್ಟೇ ಒಳಗೆ ಹೋಗೋದು" ಎಂದು ಉಳಿದವರು ನಗುತ್ತಿದ್ದರು.

ಶ್ರುತಿ ತಿದ್ದುವ ಸಾಫ್ಟ್‌ವೇರ್ ಬಂದ ವರ್ಷ ಅವನು ಅವಳಿಗೆ ಪರದೆ ತೋರಿಸಿದ. ಅವಳ ದನಿ ಅಲ್ಲಿ ಅಂಕುಡೊಂಕು ಗೆರೆ. ಗುಂಡಿ ಒತ್ತಿದ, ಗೆರೆ ಮೆಟ್ಟಿಲಾಯಿತು.

"ಇನ್ಮೇಲೆ ಒಬ್ರು ಹಾಡಿದ್ರೆ ಸಾಕಕ್ಕ, ಅದನ್ನ ಎಂಟು ಜನರ ದನಿ ಇದೇ ಮಾಡುತ್ತೆ."

"ತಪ್ಪು ಹಾಡಿದ್ರೆ ತಿದ್ದಪ್ಪ, ಬೇಡ ಅನ್ನಲ್ಲ. ನಾನು ತಪ್ಪು ಹಾಡಿದ್ನಾ?"

ಅವನು ಪರದೆ ಆರಿಸಿದ. ಮರುದಿನದಿಂದ ಅವಳಿಗೆ ಕರೆ ಬರಲಿಲ್ಲ. ಶಿಶುವಿಹಾರದಲ್ಲಿ ಹಾಡು ಕಲಿಸುತ್ತ ಅವಳು ಉಳಿದ ವರ್ಷಗಳನ್ನು ಕಳೆದಳು. ಅಲ್ಲಿ ಒಂದು ಮಗುವೂ ಶ್ರುತಿಗೆ ಸೇರುತ್ತಿರಲಿಲ್ಲ. ಅವಳು ಒಬ್ಬರನ್ನೂ ನಡುವೆ ನಿಲ್ಲಿಸುತ್ತಿರಲಿಲ್ಲ.

*

"ತಿದ್ದದೇ ಇರೋದನ್ನ ಹಾಕಿ" ಎಂದಳು ಮಗಳು.

ರೆಕಾರ್ಡಿಸ್ಟ್ ನೆಲ ನೋಡಿದ. "ಇಲ್ಲಮ್ಮ. ಅದರ ಮೇಲೇ ಸೇವ್ ಮಾಡ್ಬಿಟ್ಟೆ. ಇದೇ ಚೆನ್ನಾಗಿದೆ ಅಂತ..."

"ಚೆನ್ನಾಗಿರೋ ಹಾಡು ಊರಿಗೆಲ್ಲ ಇದೆ. ನಮಗಿದ್ದಿದ್ದು ಒಬ್ಳೇ ಅಮ್ಮ! ಬದುಕಿದ್ದಾಗ ಕೆಲಸ ಕಿತ್ಕೊಂಡ್ರಿ, ಸತ್ತ ಮೇಲೆ ದನೀನೂ ಬಿಡ್ಲಿಲ್ವಲ್ಲ!"

ಯಾರೂ ಅವಳನ್ನು ಸಮಾಧಾನ ಮಾಡಲು ಮುಂದೆ ಬರಲಿಲ್ಲ. ರೆಕಾರ್ಡಿಸ್ಟ್ ಲ್ಯಾಪ್‌ಟಾಪ್ ತೆರೆದು ಹುಡುಕಿದ. "ಹಾಡಿಗೆ ಮುಂಚೆ ಕತ್ತರಿಸಿದ ಚೂರೊಂದಿದೆ. ಬರೀ ಮಾತು. ಅದಕ್ಕೆ ಕೈ ಹಚ್ಚಿಲ್ಲ."

ಹೆಡ್‌ಫೋನನ್ನು ತಂದೆಯ ಕಿವಿಗಿಟ್ಟ. ಮೊದಲು ಒಂದು ಕೆಮ್ಮು. ಆಮೇಲೆ ಹೆಂಡತಿಯ ದನಿ: "ರೀ, ಆ ಕಿಟಕಿ ಹಾಕಿ. ಶುರು ಮಾಡ್ತೀನಿ."

ತಂದೆ ಹೆಡ್‌ಫೋನ್ ತೆಗೆದಿಟ್ಟು ಎದ್ದರು. ದೇಹ ಎತ್ತಲು ಬಂದು ನಿಂತವರ ನಡುವೆ ದಾರಿ ಮಾಡಿಕೊಂಡು ಹೋಗಿ, ರಸ್ತೆ ಕಡೆಯ ಕಿಟಕಿಯ ಎರಡೂ ಬಾಗಿಲು ಮುಚ್ಚಿ ಚಿಲಕ ಹಾಕಿದರು. ವಾಪಸ್ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತರು.