ಕಳಚದೆ ಉಳಿದದ್ದು

ಬೆಳಗ್ಗೆ ಒಂಬತ್ತಕ್ಕೆ ಅಕ್ಕನ ಕಂಪ್ಯೂಟರ್ ಮೂಕವಾಯಿತು. ಬೇರೆಯವರ ಮನೆಯಲ್ಲಾದರೆ ಅದೇನು ದೊಡ್ಡ ವಿಷಯವಲ್ಲ. ನಮ್ಮಕ್ಕ ಗಣಿತದ ಟೀಚರು. ಎರಡು ವರ್ಷದ ಹಿಂದೆ ಅವಳ ಕಣ್ಣು ಹೋಯಿತು. ಪರದೆಯ ಮೇಲಿರುವುದನ್ನು ಕಂಪ್ಯೂಟರ್ ಓದಿ ಹೇಳಿದರಷ್ಟೇ ಅವಳು ಪಾಠ ಮಾಡಬಲ್ಲಳು. ಅಂದು ಸಂಜೆ ನಾಲ್ಕಕ್ಕೆ ಶಾಲೆಯವರು ಮನೆಯಿಂದಲೇ ಒಂದು ತರಗತಿ ಮಾಡಿಸಿ ನೋಡುವವರಿದ್ದರು. ಸರಿಹೋದರೆ ಕೆಲಸ ವಾಪಸ್ಸು, ಇಲ್ಲದಿದ್ದರೆ ಅದು ಬೇರೆಯವರಿಗೆ.

"ಹಳೇ ಡಬ್ಬಾ, ಬಿಸಾಕಿ ಹೊಸದು ತಗೊಳ್ಳೋಣ," ಎಂದರು ಭಾವ.

"ನಾಲ್ಕು ಗಂಟೆ ಒಳಗೆ ಹೊಸದು ತಂದು, ಅಕ್ಕಂಗೆ ಅಭ್ಯಾಸನೂ ಮಾಡಿಸ್ತೀರಾ ಭಾವ? ಸುಮ್ನೆ ಆಚೆ ಹೋಗಿ." ನನಗೆ ಹಟ ಹತ್ತಿತ್ತು.

ಸಾಧನಗಳ ಪಟ್ಟಿ ತೆರೆದೆ. ಸದ್ದು ಹೊರಡಿಸುವ ಸೌಂಡ್ ಕಾರ್ಡಿನ ಪಕ್ಕ, ತೊಂದರೆಯಿದೆ ಎನ್ನುವ ಹಳದಿ ಗುರುತು. ಬೇರೆ ಯಾವುದೋ ಸಾಧನ ಅದನ್ನು ಹಿಡಿದುಕೊಂಡಿತ್ತು. ಯಾವುದು ಎಂದು ಹೇಳುವ ಸೌಜನ್ಯ ಮಾತ್ರ ಕಂಪ್ಯೂಟರಿಗಿರಲಿಲ್ಲ. ಯಾರು ಏನು ಕೊಂಡರೂ ತಂದು ಈ ಬಡಪಾಯಿಗೆ ಸಿಕ್ಕಿಸುವುದು ನಮ್ಮ ಮನೆಯ ಕೆಟ್ಟ ಚಾಳಿ. ಒಂದೊಂದನ್ನೇ ಕಳಚಿ, ಅದರ ಸಾಫ್ಟ್‌ವೇರ್ ಅಳಿಸಿ, ಮತ್ತೆ ಚಾಲೂ ಮಾಡಿ ನೋಡುವುದೊಂದೇ ದಾರಿ. ಭಾವನ ಪ್ರಿಂಟರ್ ಕಳಚಿದೆ. ಸದ್ದಿಲ್ಲ. ಅಕ್ಕನ ಮಗಳ ಕ್ಯಾಮೆರಾ, ಅಮ್ಮನ ಫೋಟೋ ಸ್ಕ್ಯಾನರ್. ಊಹೂಂ. ಪ್ರತಿ ಸಲವೂ ಅದರ ಒಡೆಯರನ್ನು ಕರೆದು ಬೆಂಡೆತ್ತಿದೆ. ಊಟಕ್ಕೂ ಏಳಲಿಲ್ಲ. ಮೂರೂವರೆಯಾಯಿತು.

ಅಕ್ಕ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದಳು. "ಕಳಚದೇ ಇರೋದು ಏನೇನು ಉಳೀತು, ಹೇಳು," ಎಂದಳು.

"ಕೀಬೋರ್ಡು, ಮೌಸು. ಅಷ್ಟೆ."

"ಅಷ್ಟೇನಾ? ಸರಿಯಾಗಿ ನೋಡು."

ನಾಲಿಗೆ ಕಚ್ಚಿಕೊಂಡೆ. ಕಂಪ್ಯೂಟರಿನ ಮುಂದುಗಡೆ, ನನ್ನ ಮೂಗಿನ ನೇರಕ್ಕೇ, ಅದಕ್ಕೆ ಸಿಕ್ಕಿಸುವ ಹೆಬ್ಬೆರಳುದ್ದದ ರೇಡಿಯೋ ಇತ್ತು. ಹಾಡು ಕೇಳಲೆಂದು ಹಿಂದಿನ ದಿನ ನಾನೇ ಸಿಕ್ಕಿಸಿದ್ದು. ಬೆಳಗ್ಗಿನಿಂದ ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನನ್ನದಲ್ಲವೇ, ಅದೇನು ಮಾಡೀತು!

ಕಿತ್ತೆ. ಅದರ ಸಾಫ್ಟ್‌ವೇರ್ ಅಳಿಸಿ ಮತ್ತೆ ಚಾಲೂ ಮಾಡಿದೆ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕಂಪ್ಯೂಟರ್ ಬಾಯಿಬಿಟ್ಟಿತು.

"ಈಗ ಯಾರನ್ನಮ್ಮ ಬೈತೀಯಾ?" ಎಂದರು ಬಾಗಿಲಲ್ಲಿ ನಿಂತಿದ್ದ ಭಾವ. ಅವರತ್ತ ತಿರುಗಲು ನನಗೆ ಮುಖವಿರಲಿಲ್ಲ.

ನಾಲ್ಕಕ್ಕೆ ತರಗತಿ ಶುರುವಾಯಿತು. ಮೊದಲ ಹುಡುಗಿ ಕಳಿಸಿದ ಉತ್ತರವನ್ನು ಕಂಪ್ಯೂಟರ್ ಸಾಲುಸಾಲಾಗಿ ಓದಿತು. ಅಕ್ಕ ತಲೆ ಬಗ್ಗಿಸಿ ಕೇಳಿದಳು. ಓದಿ ಮುಗಿದ ಮೇಲೆ ಇನ್ನೊಮ್ಮೆ ಓದಿಸಿದಳು.

"ಮೂರನೇ ಸಾಲಲ್ಲಿ ಮೈನಸ್ ಬಿಟ್ಟಿದ್ದೀಯ ಮಗು," ಎಂದಳು, ಎರಡು ವರ್ಷದಿಂದ ಮನೆಯಲ್ಲಿ ಯಾರೂ ಕೇಳದಿದ್ದ ಆ ಗಟ್ಟಿ ದನಿಯಲ್ಲಿ. "ಅಳಿಸಿ ಮತ್ತೆ ಮಾಡು. ಅವಸರ ಇಲ್ಲ, ನಾನು ಇಲ್ಲೇ ಇರ್ತೀನಿ."

ಅಳುವ ಸದ್ದು ತರಗತಿಗೆ ಕೇಳಿಸಬಾರದೆಂದು ಅಡುಗೆಮನೆಗೆ ಓಡಿದೆ. ಭಾವ ಆಗಲೇ ಅಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು.