ಕೆಳಗಿನ ಓಣಿಯ ಒಂಬತ್ತು ಮತ

ಐವತ್ತೇಳರ ಚುನಾವಣೆಯಿಂದ ಈಚೆಗೆ ನಮ್ಮ ಕ್ಷೇತ್ರದಲ್ಲಿ ಯಾರು ನಿಂತರು, ಯಾರು ಎಷ್ಟರಿಂದ ಬಿದ್ದರು ಎಂಬುದೆಲ್ಲ ನನ್ನ ನೋಟ್‌ಬುಕ್ಕಿನಲ್ಲಿದೆ. ಶಾಲೆಯ ಮಾಸ್ತರನಾಗಿದ್ದ ನನಗೆ ಬೇರೆ ಚಟವಿರಲಿಲ್ಲ. ಹಳೆಯ ಅಂಕಿ ಬೇಕಾದಾಗ ರೋಣದ ಪುಢಾರಿಗಳೂ ಹೊಳೆ ದಂಡೆಯ ನಮ್ಮೂರಿಗೆ ಬರುತ್ತಿದ್ದರು. ಬಂದಾಗಲೆಲ್ಲ ನಾನು ಉಬ್ಬಿ ಹೋಗುತ್ತಿದ್ದೆ.

ಮತಚೀಟಿಯ ಕಾಲದಲ್ಲಿ ಹತ್ತಾರು ಊರಿನ ಚೀಟಿಗಳನ್ನು ಕಲಸಿ ಎಣಿಸುತ್ತಿದ್ದರು. ಯಾವ ಓಣಿ ಯಾರಿಗೆ ಹಾಕಿತೆಂದು ದೇವರಿಗೂ ತಿಳಿಯುತ್ತಿರಲಿಲ್ಲ. ಮಷೀನು ಬಂದ ಮೇಲೆ ಒಂದೊಂದು ಮತಗಟ್ಟೆಯ ಲೆಕ್ಕವೂ ಬೇರೆಯಾಗಿ ಸಿಗತೊಡಗಿತು; ನಮ್ಮೂರಲ್ಲಿ ಓಣಿಗೊಂದು ಮತಗಟ್ಟೆ. ೨೦೦೮ರದ್ದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟೆ. ಗೆದ್ದವರಿಗೆ ಮೇಲಿನ ಓಣಿಯಿಂದ ಮುನ್ನೂರ ಎಂಬತ್ತು, ಕೆಳಗಿನ ಓಣಿಯಿಂದ ಒಂಬತ್ತು.

ಮರುವರ್ಷ ಮಲಪ್ರಭೆ ಊರು ಹೊಕ್ಕಿತು. ಮನೆ ಕಳೆದುಕೊಂಡವರಿಗೆ ದಿನ್ನೆಯ ಮೇಲೆ ಮನೆ ಎಂದಾಯಿತು, ಆದರೆ ಮೊದಲಿಗೆ ನಲವತ್ತೇ. ಮನೆ ಯಾರಿಗೆಂಬ ಯಾದಿ ಮಾಡುವ ಮುಂಚೆ ಗೆದ್ದವರ ಕಡೆಯ ಗವಿಸಿದ್ದಪ್ಪ ಬಂದ.

"ಮಾಸ್ತರ್ರ, ನಿಮ್ಮ ಬುಕ್ ಒಂದೀಟ ಕೊಡ್ರಿ. ನೋಡಿ ಲಗೂನ ಕೊಡ್ತೀನಿ."

ಚಹಾ ಕುಡಿಸಿ ಕೊಟ್ಟೆ. ಕೆಂಪು ಶಾಯಿಯ ಪುಟವನ್ನು ನಾನೇ ಬೆರಳಿಟ್ಟು ತೋರಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಯಾದಿ ಬಂತು. ನಲವತ್ತೂ ಹೆಸರು ಮೇಲಿನ ಓಣಿಯವು. ಹಿತ್ತಲ ಗೋಡೆಯಷ್ಟೇ ಕಳೆದುಕೊಂಡಿದ್ದ ನನ್ನ ಹೆಸರೂ ಇತ್ತು. ಕೆಳಗಿನ ಓಣಿಯಲ್ಲಿ ನಿಂತ ಮನೆಗಳೇ ಇರಲಿಲ್ಲ, ಅಲ್ಲಿಯವರ ಒಂದು ಹೆಸರೂ ಇರಲಿಲ್ಲ.

ಮರುದಿನ ಕೆಳಗಿನ ಓಣಿಯ ಲಾಲಬಿ ಬಂದಳು. ಕೌದಿ ಹೊಲಿದು ಬದುಕುವ ವಿಧವೆ. ಹೊಳೆ ಬಂದಂದಿನಿಂದ ಮಗಳನ್ನು ಕಟ್ಟಿಕೊಂಡು ಶಾಲೆಯ ಪಡಸಾಲೆಯಲ್ಲಿ ಮಲಗುತ್ತಿದ್ದಳು.

"ಮಾಸ್ತರ್ರ, ನಮ್ಮ ಓಣ್ಯಾಗ ಒಂಬತ್ತ ಓಟ ಅಂತ ಗವಿಸಿದ್ದಪ್ಪ ಅಂದ್ನಲ್ರಿ, ಆ ಒಂಬತ್ತರಾಗ ಒಂದು ನಂದ್ರಿ. ಅಲ್ಲಾನ ಆಣಿ. ಓಣಿ ಮಂದಿ ಬ್ಯಾಡಂದ್ರೂ ಅವರಿಗೇ ಹಾಕೀನಿ. ನಿಮ್ಮ ಬುಕ್ಕಿನಾಗ ನನ್ನ ಹೆಸರ ಬರದ ಕೊಡ್ರಿ, ಗವಿಸಿದ್ದಪ್ಪಗ ತೋರಸ್ತೀನಿ."

"ಅದರಾಗ ಅಂಕಿ ಅಷ್ಟ ಅದಾವ, ಲಾಲಬಿ. ಯಾರ ಹೆಸರೂ ಇಲ್ಲ."

"ನೀವು ಬರದದ್ದ ನೋಡೇ ಅಲ್ಲೇನ್ರಿ ನಮ್ಮನ್ನ ಬಿಟ್ಟದ್ದು? ಇದನ್ನೂ ಬರೀರಿ."

ನಾಚಿಕೆಯಿಂದ ಸತ್ತುಹೋದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೋಗ್ಲಿ ಬಿಡ್ರಿ. ನೀವೂ ಅವರಿಗೇ ಹಾಕಿದ್ರಿ. ನಿಮಗರೆ ಮನಿ ಬಂತಲ್ಲ, ಚಲೋ ಆತು."

ಗೆದ್ದ ಆ ಮನುಷ್ಯನಿಗೆ ನಾನು ಯಾವತ್ತೂ ಮತ ಹಾಕಿದವನಲ್ಲ.

"ಹೌದವ್ವಾ," ಅಂದೆ. "ನಾನೂ ಅವರಿಗೇ ಹಾಕಿದ್ದೆ."